ಮಂಗಳ, ಗುರು ನಡುವಿನ ಒಂದು ಕಲ್ಲು

ನಮ್ಮ ಶಾಲಿಯೊಳಗ ಏನೂ ವಿಪರೀತ ಆಗದ ವಾರ ಇಲ್ಲ. ಅರ್ಧಕ್ಕ ನಾನು ಕಾರಣ, ಉಳಿದ ಅರ್ಧಕ್ಕ ಮಾಸ್ತರರು. ಕೆಳಗಿನವು ಇಬ್ಬರೂ ಸೇರಿ ಮಾಡಿದವು.

೧. ಸಾಸಿವಿ

ದಾಂಡೇಲಿಯ ನಮ್ಮ ಶಾಲಿಗೆ ವಿಜ್ಞಾನದ ಸರ್ ಒಂದು ಹೊಸಾ ಕೆಲಸ ತಂದರು. ಎಲ್ಲೋ ದೂರದ ದೊಡ್ಡ ದುರ್ಬೀನಿನಿಂದ ತಗದ ಆಕಾಶದ ಫೋಟೊ ಕಂಪ್ಯೂಟರಿಗೆ ಬರತಿದ್ದವು. ಒಂದ ಜಾಗದ್ದು ನಾಕು ಫೋಟೊ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತಗದದ್ದು. ಬಿಳೇ ಹಾಳಿ ಮ್ಯಾಲ ಕರೇ ಚುಕ್ಕಿ ಇದ್ದಂಗ ಕಾಣತಿದ್ದವು. ನಕ್ಷತ್ರ ಇದ್ದಲ್ಲೇ ಇರತಾವು. ಯಾವದರ ಚುಕ್ಕಿ ಸರಿದರ ಅದು ಮಂಗಳ, ಗುರು ನಡುವ ಸೂರ್ಯನ್ನ ಸುತ್ತೂ ಕಲ್ಲು, ಕ್ಷುದ್ರಗ್ರಹ.

ನಾ ಸ್ಕ್ರೀನಿಗೆ ಗೋಂದು ಹಚ್ಚಿ ಒಂದು ಸಾಸಿವಿ ಕಾಳು ಅಂಟಿಸಿ, ಸರ್ ಆ ಕಡೆ ನೋಡಿದಾಗೊಮ್ಮೆ ಒಂದೀಟು ಸರಿಸಿದೆ. ಸರ್ "ಸಿಕ್ತು!" ಅಂತ ಒದರಿ ಹೆಡ್‌ಮಾಸ್ತರರನ್ನ ಕರಕೊಂಡು ಬಂದರು. ಅವರು ಕನ್ನಡಕ ಏರಿಸಿ ಉಗುರಿಲೆ ಮುಟ್ಟಿದರು. ಗ್ರಹ ಉದುರಿ ಕೀಬೋರ್ಡಿನ ಮ್ಯಾಲ ಬಿತ್ತು.

"ಒಗ್ಗರಣಿಗೆ ಹಾಕ್ರಿ," ಅಂದು ಹೋದರು.

೨. ಕೈ ಮ್ಯಾಲ

ಶಿಕ್ಷೆ ಏನಂದ್ರ, "ಖರೇ ಕಲ್ಲು ಸಿಗೂತನಾ ದಿನಾ ಕಂಪ್ಯೂಟರ್ ಖೋಲಿಯೊಳಗ ಕುಂಡ್ರು ಮಗನ. ನಿಮ್ಮ ಕ್ಲಾಸ್ ಟೀಚರಿಗೆ ನಾ ಹೇಳ್ತೇನಿ," ಅಂದರು ಸರ್.

ವಾರಗಟ್ಟಲೆ ಕುಂತೆ. ನಮ್ಮ ಮಾಮಾ ಗಣೇಶಗುಡಿಯೊಳಗ ಫಾರೆಸ್ಟ್ ಗಾರ್ಡ್. ಅಡವ್ಯಾಗ ಗಿಡಾ ನೋಡಬ್ಯಾಡ, ಅಳ್ಳಾಡೂದು ನೋಡು ಅಂತಾನ. ಹಂಗ ನೋಡಿದೆ. ಒಂದು ಸಣ್ಣ ಚುಕ್ಕಿ ನಾಕು ಫೋಟೊದಾಗ ನಾಕು ಹೆಜ್ಜಿ ಸರೀತು.

ಸರ್ ನಂಬಲಿಲ್ಲ. ಸ್ಕ್ರೀನ್ ಒರಸಿದರು, ಉಗುರಿಲೆ ಕೆರದರು. ಚುಕ್ಕಿ ತನ್ನ ಪಾಡಿಗೆ ತಾ ಸರೀತು. ಕಡೀಕ ನನ್ನ ಎರಡೂ ಕೈ ಮ್ಯಾಲೆತ್ತಿಸಿ ಗ್ವಾಡಿಗೆ ನಿಲ್ಲಿಸಿ, ಮತ್ತೊಮ್ಮೆ ನೋಡಿದರು. ಆಕಾಶದಾಗ ಕಲ್ಲು ಹುಡುಕಿ ಕಳ್ಳನಂಗ ನಿಂತಾವ ನಾ ಒಬ್ಬನ ಇರಬೇಕು.

ಫೋಟೊ ಕಳಸೂವರಿಗೆ ವರದಿ ಹೋತು. ಹೊಸಾ ಕಲ್ಲ ಐತಿ, ಹುಡುಕಿದವರ ಹೆಸರು ಬರೆದಿಡ್ತೇವಿ ಅಂತ ಉತ್ತರ ಬಂತು. ನನ್ನ ಹೆಸರು ಅಲ್ಲೀತನಾ ಬೋರ್ಡಿನ ಮ್ಯಾಲ "ಗದ್ದಲ ಮಾಡಿದವರು" ಪಟ್ಟಿಯೊಳಗ ಮಾತ್ರ ಇತ್ತು. ಬ್ಯಾರೆ ಒಂದು ಪಟ್ಟಿಯೊಳಗ ಬರಲಿ ಅಂತ ಜೀವಾ ಬಡಕೊಳ್ಳಾಕ ಹತ್ತಿತು.

೩. ಸುತ್ತು

ಅಪ್ಪ ಪೇಪರ್ ಮಿಲ್ಲಿನ್ಯಾಗ ಶಿಫ್ಟ್ ಮುಗಿಸಿ ಬಂದು ಊಟಕ್ಕ ಕುಂತಿದ್ದ. "ಅಪ್ಪಾ, ನನ್ನ ಕಲ್ಲು ಸೂರ್ಯನ್ನ ಒಂದು ಸುತ್ತು ಹಾಕಾಕ ನಾಕೂವರಿ ವರ್ಷ ಬೇಕಂತ," ಅಂದೆ.

ಅಪ್ಪ ರೊಟ್ಟಿ ಮುರದ. "ಚಲೋ ಐತಿ. ನಾಕೂವರಿ ವರ್ಷಕ್ಕರ ಮುಗಸತೈತಲ್ಲ. ನಿನ್ನ ಒಂಬತ್ತನೇ ಕ್ಲಾಸು ಯಾವಾಗ ಮುಗೀತೈತೋ?"

೪. ಹೆಸರಿನ ಮೀಟಿಂಗು

ಕಲ್ಲಿನ ಹಾದಿ ಪಕ್ಕಾ ಆಗಿ, ಅದಕ್ಕೊಂದು ನಂಬರ್ ಬಿದ್ದ ಮ್ಯಾಲ ಹೆಸರು. ಅಂದ್ರ ಇನ್ನೂ ವರ್ಷಗಟ್ಟಲೆ. ಆದರೂ ಶಾಲಿಯೊಳಗ ಮೀಟಿಂಗ್ ಕರದರು. ಕಂಪ್ಯೂಟರ್ ಕೊಟ್ಟ ಟೈರ್ ಅಂಗಡಿ ಸಾಹೇಬರು ಅಂಗಡಿ ಹೆಸರು ಇಡ್ರಿ ಅಂದರು. ವ್ಯಾಪಾರದ ಹೆಸರು ನಡಿಯೂದಿಲ್ಲ ಅಂದರು ಸರ್. ಊರಿನ ಮುಖಂಡರೊಬ್ಬರು ಗಂಟಲಾ ಸರಿ ಮಾಡಿಕೊಂಡು, "ಹಂಗಾದ್ರ ನಂದು?" ಅಂದರು.

"ರಾಜಕೀಯದವರು ಸತ್ತು ನೂರು ವರ್ಷ ಆಗಿರಬೇಕ್ರಿ. ನಿಯಮ ಐತಿ," ಅಂದರು ಸರ್.

ಹಿಂದಿನ ಬೆಂಚಿನಿಂದ ನಾ ಅಂದೆ, "ಸಾಹೇಬ್ರ, ಇವತ್ತ ಹೊಂಟ್ರ ಇವತ್ತಿಂದ ಎಣಕಿ ಚಾಲೂ ಆಗತೈತ್ರಿ."

ಕಿವಿ ಇನ್ನೂ ಬಿಸಿ ಐತಿ.

೫. ಸರ್ಟಿಫಿಕೇಟು

ಸರ್ಟಿಫಿಕೇಟ್ ಬಂತು. ನಾಕು ಹೆಸರು ಇದ್ದವು, ನಂದಿಲ್ಲ. ಒಂದನೇ ನಂಬರ್ ಬರೂ ಹುಡುಗಿದು ಮೊದಲ ಇತ್ತು. ಆಕಿ ಎದ್ದು ನಿಂತು, "ಸರ್, ಹುಡುಕಿದ್ದು ಅಂವ ರೀ. ನಾ ಆ ಖೋಲಿಗೆ ಕಾಲೂ ಇಟ್ಟಿಲ್ಲ," ಅಂದ್ಲು. ವಿಜ್ಞಾನದ ಸರ್ ಫ್ಯಾನ್ ನೋಡಾಕ ಹತ್ತಿದರು. ನಾ ದಿನಾ ಕಂಪ್ಯೂಟರ್ ಖೋಲಿಯೊಳಗ ಇರ್ತೇನಿ ಅಂತ ಕ್ಲಾಸ್ ಟೀಚರಿಗೆ ಅವರು ಹೇಳೇ ಇರಲಿಲ್ಲ.

ಹೆಡ್‌ಮಾಸ್ತರರು ನನ್ನ ಆಫೀಸಿಗೆ ಕರದರು. "ಹಾಜರಿ ಕಮ್ಮಿ ಆಗಿ ನಿನ್ನ ಹೆಸರು ರಿಜಿಸ್ಟರಿನಿಂದ ಹೊಡದು ಹಾಕೇವಿ. ರಿಜಿಸ್ಟರಿನಾಗ ಇಲ್ಲದವನ ಹೆಸರು ಹೆಂಗ ಕಳಸೂದು?"

"ಸರ್, ಅಷ್ಟೂ ದಿನಾ ಕಲ್ಲು ಹುಡುಕ್ಕೋತ ಬಾಜೂ ಖೋಲಿಯೊಳಗ ಇದ್ನೆಲ್ರಿ!"

"ಕ್ಲಾಸಿನ್ಯಾಗ ಇದ್ದೇನು?"

"ಇಲ್ರಿ."

"ಮತ್ತ?"

"ಕೋಟಿಗಟ್ಟಲೆ ಕಿಲೋಮೀಟರ್ ದೂರದ ಕಲ್ಲು ನನಗ ಸಿಕ್ತು. ಒಂದು ಗ್ವಾಡಿ ಆಚೆ ಇದ್ದ ನಾ ನಿಮಗ ಸಿಗಲಿಲ್ಲೇನ್ರಿ?"

ಅವರು ಟಿ.ಸಿ. ಮುಂದ ಸರಿಸಿದರು. "ಇಲ್ಲಿ ಸಹಿ ಮಾಡು. ಹೆಸರು ಪೂರ್ತಿ ಬರಿ, ಚಂದಗ ಕಾಣಬೇಕು."

ಆ ಕಲ್ಲು ಸಿಕ್ಕಾಗಿಂದ ನನ್ನ ಹೆಸರು ಯಾರರ ಕೇಳಿದ್ದು ಅದ ಮೊದಲು.