ಹೆಳವನ ಪುಸ್ತಕವೂ ನನ್ನ ರಜಿಸ್ಟರೂ

ನಗಿಸುವ ಕಲೆ ಇಲ್ಲದ ಇತಿಹಾಸದ ಮಾಸ್ತರನಿಗೆ ಸತ್ತವರೇ ಗತಿ. ಬದುಕಿದ್ದವರನ್ನು ಗೇಲಿ ಮಾಡಿದರೆ ಅವರು ಸಂಜೆ ಮನೆಗೇ ಬಂದು ವಿಚಾರಿಸಿಕೊಳ್ಳುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ಸತ್ತವನು ಎಲ್ಲಿಂದ ಬರಬೇಕು? ಬೇರೆ ಬೇರೆ ಊರಲ್ಲಿ, ಕಡೆಗೆ ನಮ್ಮೂರು ಗುಡಗೇರಿಯ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಇತಿಹಾಸ ಹೇಳುತ್ತಿದ್ದ ನಾನು ಈ ಒಂದು ಧೈರ್ಯದ ಮೇಲೆ ಹತ್ತು ವರ್ಷ ನೌಕರಿ ಮಾಡಿದೆ. ಪುರಾತನ ಗ್ರೀಕ್ ಇತಿಹಾಸಕಾರನೊಬ್ಬ ನಮ್ಮ ದೇಶದ ಬಗ್ಗೆ ಬರೆಯುತ್ತ, ಇಲ್ಲಿ ನರಿಗಿಂತ ದೊಡ್ಡ, ನಾಯಿಗಿಂತ ಸಣ್ಣ ಇರುವೆಗಳಿವೆ, ಅವು ಮರಳು ಕೆದರಿ ಬಂಗಾರ ಹೊರಗೆ ಹಾಕುತ್ತವೆ ಎಂದಿದ್ದಾನಂತೆ. ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಆ ಇರುವೆಗಳನ್ನು ನಾನು ತರಗತಿಗೆ ತಪ್ಪದೆ ಕರೆತರುತ್ತಿದ್ದೆ. ಮೇಜಿನ ಮೇಲೆ ಎರಡೂ ಕೈ ಊರಿ ಮಣ್ಣು ಕೆದರುವ ಅಭಿನಯ ಮಾಡಿ, "ಇಂಥಾ ಸುಳ್ಳ ಬರದಾವಗೂ ಇತಿಹಾಸಕಾರ ಅಂತಾರ ನೋಡ್ರೆಪಾ!" ಅಂದರೆ ಸಾಕು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಪಕ್ಕದ ಕೋಣೆಯ ಗಣಿತದ ಮಾಸ್ತರರು ಇಣುಕಿ ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು. ಗಣಿತದಲ್ಲಿ ಗೇಲಿ ಮಾಡಲು ಯಾರೂ ಸತ್ತಿರುವುದಿಲ್ಲ, ಪಾಪ.

ಎಪ್ಪತ್ತರ ದಶಕದ ನಡುವಿನ ಮಾತು. ಸುಗ್ಗಿ ಮುಗಿದು ಜೋಳ ಮನೆಗೆ ಬಂದಿತ್ತು. ಒಂದು ರವಿವಾರ ಮುಂಜಾನೆ ಬಾಗಿಲಲ್ಲಿ ಗಂಟೆಯ ಸದ್ದಾಯಿತು. ನೋಡಿದರೆ ಹೆಳವರ ಯಮನಪ್ಪ, ಎತ್ತಿನ ಮೇಲೆ ಕೂತೇ ಬಂದಿದ್ದ. ಹೆಳವರೆಂದರೆ ನಮ್ಮ ಕಡೆಯ ಮನೆತನಗಳ ವಂಶಾವಳಿ ಕಾಪಾಡಿಕೊಂಡು ಬಂದವರು. ನಾಲ್ಕು ವರ್ಷಕ್ಕೊಮ್ಮೆ ಬರುತ್ತಾರೆ, ಮೂಲಪುರುಷನಿಂದ ಹಿಡಿದು ಎಲ್ಲರ ಹೆಸರು ಒಪ್ಪಿಸುತ್ತಾರೆ, ನಡುವೆ ಹುಟ್ಟಿದವರನ್ನು ಪುಸ್ತಕಕ್ಕೆ ಏರಿಸಿಕೊಳ್ಳುತ್ತಾರೆ, ಮೊರದ ತುಂಬ ಜೋಳ ಹಾಕಿಸಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ನಾನು ಸಣ್ಣವನಿದ್ದಾಗ ಇವರು ಬಂದರೆ ಅಪ್ಪ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿಬಿಡುತ್ತಿದ್ದ, ಮುಂದೆ ಟ್ರೇನಿಂಗು, ವರ್ಗಾವಣೆ ಅಂತ ಬೇರೆ ಊರಲ್ಲಿದ್ದೆ. ಈ ಸಲ ಸಿಕ್ಕಿಬಿದ್ದೆ. ಅಥವಾ ಅವನೇ ನನ್ನ ಕೈಗೆ ಸಿಕ್ಕಿಬಿದ್ದ ಅಂತ ಆಗ ನಾನು ತಿಳಿದಿದ್ದೆ.

ಅವ್ವ ಕಟ್ಟೆ ಸಾರಿಸಿ, ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಕಾದು ಕೂತಿದ್ದಳು. ಎಪ್ಪತ್ತು ದಾಟಿದ ಮುದುಕಿ ಮದುವೆಗೆ ಹೊರಟವಳ ಹಾಗೆ ಯಾಕೆ ತಯಾರಾಗಿದ್ದಾಳೆ ಅಂತ ನನಗೆ ನಗು ಬಂತು. ಎಂಟು ತಿಂಗಳ ನನ್ನ ಮಗಳು ಸುಜಾತಾ ಅವಳ ತೊಡೆಯ ಮೇಲಿದ್ದಳು. ಕೂಸಿನ ಹೆಸರು ಪುಸ್ತಕಕ್ಕೆ ಏರಬೇಕು ಅಂತ ಅವ್ವನ ಹಟ. ಹೆಳವರ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಏರುವುದೇ ಅಪರೂಪ. ಆದರೆ ನಮ್ಮವ್ವನ ಹಟದ ಮುಂದೆ ರೂಢಿಯ ಆಟ ನಡೆಯುವುದಿಲ್ಲ.

ಯಮನಪ್ಪ ಎತ್ತಿನ ಭುಜದ ಮೇಲೆ ಪುಸ್ತಕ ಇಟ್ಟುಕೊಂಡು, ಅದನ್ನು ತೆರೆಯದೆಯೇ, ಅದರ ಮೇಲೆ ಕೈ ಇಟ್ಟು ಶುರು ಮಾಡಿದ. ಹೆಸರುಗಳು ಒಂದರ ಹಿಂದೊಂದು ಬಂದವು. ಹೆಳವರು ಊರಿಗೆ ಬಂದ ಸುದ್ದಿ ಕೇಳಿ ನಾನು ಹಿಂದಿನ ದಿನವೇ ಕೆಂಪು ಮಸಿಯ ಪೆನ್ನು ತಯಾರಿಟ್ಟಿದ್ದೆ, ಪರೀಕ್ಷೆಯ ಪೇಪರು ತಿದ್ದುವವನ ಹಾಗೆ. ಎಂಟು ತಲೆಮಾರಿನ ಹಿಂದಿನ ಬಸಪ್ಪ ಬರೇ ಬಾರಕೋಲಿನಿಂದ ಹುಲಿಯನ್ನು ಬಡಿದು ಕೊಂದ, ನೂರಾ ಇಪ್ಪತ್ತು ವರ್ಷ ಬಾಳಿದ ಅನ್ನುವಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಏ ಯಮನಪ್ಪಾ, ತಡಿ. ಈ ಎರಿ ಹೊಲದಾಗ ಬೆಕ್ಕ ಅಡಗಾಕ ಒಂದ ಗಿಡ ಇಲ್ಲ, ಹುಲಿ ಎಲ್ಲಿಂದ ಬಂತೋ? ಕುಸುಬಿ ಗಿಡದಾಗ ಅಡಗಿತ್ತೇನು?"

"ನಿಮ್ಮ ಹಿರ್‍ಯಾರು ಮೊದಲ ಇಲ್ಲೆಲ್ಲಿ ಇದ್ರರೀ ಮಾಸ್ತರ್ರ? ದೇವಿಕೊಪ್ಪದ ಅಡವಿ ಕಡಿಂದ ಬಂದಾವರು. ಅಲ್ಲೆ ಇತ್ತರಿ ಹುಲಿ."

ಈ ಪೆಟ್ಟು ನನಗೆ ಬಿತ್ತು, ಆದರೆ ತೋರಿಸಿಕೊಳ್ಳಲಿಲ್ಲ. "ಯಾವ ಇಸವಿ?" ಅಂದೆ. "ದನಾ ಮನಿ ಮ್ಯಾಲಿನ ಹುಲ್ಲ ತಿಂದ ಬರದ ಮುಂದಿನ ವರ್ಷರಿ" ಅಂದ. "ಅದು ಇಸವಿ ಅಲ್ಲ. ಆಧಾರ ಏನು? ಸಾಕ್ಷಿ ಏನು? ಇದು ಇತಿಹಾಸ ಅಲ್ಲೋ, ಜ್ವಾಳಕ್ಕ ಕಟ್ಟಿದ ಕಟ್ಟುಕತಿ!" ಅಂತ ಹೇಳಿಯೇ ಬಿಟ್ಟೆ. ತರಗತಿಯಾಗಿದ್ದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಇಲ್ಲಿ ಯಾರೂ ನಗಲಿಲ್ಲ.

ಯಮನಪ್ಪ ಸಿಟ್ಟಿಗೇಳಲಿಲ್ಲ. ಪುಸ್ತಕವನ್ನು ಅರಿವೆಯಲ್ಲಿ ಸುತ್ತಿ ಕಟ್ಟಿದ. "ನಂಬಿಗಿ ಇಲ್ಲದ ಮನ್ಯಾಗ ಪುಸ್ತಕ ಬಿಚ್ಚಬಾರದು ಅಂತ ನಮ್ಮಪ್ಪ ಹೇಳ್ಯಾನ್ರಿ. ಬರ್ತೇನ್ರಿ ಅವ್ವಾರ" ಅಂದು ಎತ್ತು ತಿರುಗಿಸಿದ. ಜೋಳ ತುಂಬಿದ ಮೊರ ಬಾಗಿಲಲ್ಲಿ ಹಾಗೇ ಉಳಿಯಿತು.

ಅವ್ವ ಬಯ್ಯುತ್ತಾಳೆ ಅಂತ ಕಾದೆ. ಬಯ್ಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೂಸಿನ ಹೆಸರು ಮುಂದಿನ ಸಲಾ ಏರಸ್ತಾನ ಬಿಡವ್ವಾ" ಅಂದೆ.

"ಮುಂದಿನ ಸಲಾ ನಾ ಇರ್ತೇನೇನಲೇ? ನಾಕ ವರ್ಷಕ್ಕೊಮ್ಮೆ ಒಂದ ಹೆಸರು ಕೇಳ್ತಿದ್ದೆ. ಅದನ್ನೂ ಕೇಳಗೊಡಲಿಲ್ಲ ನೀ."

"ಯಾರ ಹೆಸರು?"

"ನಿಮ್ಮಕ್ಕನ್ದು. ಗಂಗವ್ವನ್ದು."

ನನಗೆ ಅಕ್ಕ ಇದ್ದಳು ಅನ್ನುವುದು ನನಗೆ ಆವತ್ತು ಗೊತ್ತಾಯಿತು. ನಾನು ಹುಟ್ಟುವ ಮೊದಲೇ, ಮೂರು ವರ್ಷದವಳಿದ್ದಾಗ, ಜ್ವರ ಬಂದು ತೀರಿಕೊಂಡಿದ್ದಳಂತೆ. ನಮ್ಮಪ್ಪನಿಗೆ ಆ ಹೆಸರು ಕೇಳಿದರೆ ಎದೆ ಒಡೆದಂತಾಗುತ್ತಿತ್ತು. ಮನೆಯಲ್ಲಿ ಯಾರೂ ಎತ್ತಬಾರದು ಅಂತ ಕಟ್ಟು ಮಾಡಿದ್ದ. ಅಪ್ಪ ಹೋದ ಮೇಲೂ ಅವ್ವ ಆ ಕಟ್ಟು ಮುರಿದಿರಲಿಲ್ಲ. ಯಮನಪ್ಪನ ತಂದೆಯ ಕೈಕಾಲು ಹಿಡಿದು ಹೆಸರು ಬರೆಸಿದ್ದಳು. ಇಡೀ ಭೂಮಿಯ ಮೇಲೆ ಅದನ್ನು ಬಾಯಿಬಿಟ್ಟು ಹೇಳುವವರು ಆ ಹೆಳವರು ಮಾತ್ರ.

"ಮತ್ತ ಹುಲಿ ಸುಳ್ಳ ಅಂತ ಹೊಡದಾಡಿದೆಲ್ಲಾ," ಅಂದಳು ಅವ್ವ, "ಹುಲಿ ಬಂದಾಗ ಅಂವಾ ಪುಸ್ತಕದ ಮ್ಯಾಲಿನ ಕೈ ತಗದಿದ್ದ. ನೋಡಲಿಲ್ಲೇನು? ತಮ್ಮ ಹಿರ್‍ಯಾರು ಕಣ್ಣಾರೆ ಕಂಡದ್ದು ಹೇಳುಮುಂದ ಕೈ ಪುಸ್ತಕದ ಮ್ಯಾಲ. ಮಂದಿ ಹೇಳಿದ್ದು ಹೇಳುಮುಂದ ಕೈ ಎತ್ತಿ ಹಿಡೀತಾರ. ಸಣ್ಣ ಹುಡುಗರಿಗೂ ತಿಳೀತದ. ನೀ ಇತಿಹಾಸ ಕಲಸ್ತೀಯಂತ!"

ನಾನು ನೋಡಿರಲಿಲ್ಲ. ಕೆಂಪು ಪೆನ್ನು ಹಿಡಿದವನಿಗೆ ಎದುರಿನವನ ಕೈ ಕಾಣುವುದಿಲ್ಲ. ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಬೇರೆ ಮಾಡಿ ಇಡಬೇಕು ಎಂದು ನಾನು ಪದವಿಗೆ ಓದುವಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದನ್ನು ಯಮನಪ್ಪನ ಮನೆತನ ಎತ್ತಿನ ಮೇಲೆ ಕೂತು, ಯಾವ ಪದವಿಯೂ ಇಲ್ಲದೆ, ಎಷ್ಟೋ ತಲೆಮಾರಿನಿಂದ ಮಾಡಿಕೊಂಡು ಬಂದಿತ್ತು. ಹುಲಿಯನ್ನು ಅವನು ನಂಬಿರಲಿಲ್ಲವೇನೋ. ಆದರೆ ತನಗೆ ಒಪ್ಪಿಸಿದ್ದನ್ನು ತಾನು ಒಪ್ಪಿಸಬೇಕು, ನಡುವೆ ನುಂಗಬಾರದು ಅನ್ನುವುದು ಅವನ ನೇಮ. ಆ ಗ್ರೀಕ್ ಮುದುಕನೂ ಇರುವೆಯ ಮಾತು ಬಂದಾಗ ಕೈ ಎತ್ತಿದ್ದನೋ ಏನೋ, ನಾನು ಎಂದಾದರೂ ನೋಡಲು ಹೋಗಿದ್ದೆನೆ?

ಸಂಜೆ ಸ್ಟೇಶನ್ನಿನ ಬಾಜು ಬನ್ನಿಗಿಡದ ಕೆಳಗೆ ಹೆಳವರು ಬಿಡಾರ ಮಾಡಿದಲ್ಲಿಗೆ ಹೋದೆ. ದಾರಿಯಲ್ಲಿ ನನ್ನ ವಿದ್ಯಾರ್ಥಿಗಳು ನಾಲ್ವರು ಎದುರಾಗಿ "ನಮಸ್ಕಾರ್ರೀ ಸರ್" ಅಂದರು. ತಲೆಯ ಮೇಲೆ ಜೋಳದ ಮೊರ ಹೊತ್ತಿದ್ದರಿಂದ ನನಗೆ ಕೈ ಮುಗಿಯಲಾಗಲಿಲ್ಲ. "ತಪ್ಪಾತರೀ ಯಮನಪ್ಪನವರ, ನಾಳೆ ಮನಿಗೆ ಬರ್‍ರಿ" ಅಂದೆ. ಮುಂಜಾನೆ 'ಏ' ಅಂದಿದ್ದ ನಾನು ಸಂಜೆ 'ರೀ' ಅಂದದ್ದು ಕೇಳಿ ಅವನು ಮೀಸೆಯಲ್ಲೇ ನಕ್ಕ. "ಮೊರಾ ಇಳಸ್ರಿ ಮಾಸ್ತರ್ರ, ಕುತ್ತಿಗಿ ನೋಯ್ತದ" ಅಂದ.

ಮರುದಿನ ಶಾಲೆಗೆ ರಜೆ ಹಾಕಿ ಕಟ್ಟೆಯ ಮೇಲೆ ಅವ್ವನ ಪಕ್ಕ ಕೂತೆ. ಈ ಸಲ ಅವನ ಕೈಯನ್ನೇ ನೋಡುತ್ತಿದ್ದೆ. ಹುಲಿ ಬಂತು, ಕೈ ಮೇಲೆದ್ದಿತು. ನೂರಾ ಇಪ್ಪತ್ತು ವರ್ಷ ಬಂತು, ಕೈ ಮೇಲೆಯೇ ಇತ್ತು. ನಮ್ಮಪ್ಪನ ಹೆಸರಿಗೆ ಕೈ ಪುಸ್ತಕದ ಮೇಲೆ ಇಳಿಯಿತು. "ಇವರ ಹೊಟ್ಟೀಲೆ ಚೊಚ್ಚಲ ಮಗಳು ಗಂಗವ್ವ. ಮೂರು ವರ್ಷ ಇದ್ಲು. ಕುಸುಬಿ ಹೂ ಕಂಡ್ರ ನಗತಿದ್ಲು" ಅಂದ. ಕೈ ಪುಸ್ತಕದ ಮೇಲೆ ಗಟ್ಟಿಯಾಗಿ ಊರಿತ್ತು. ಅವ್ವ ಕಣ್ಣು ಮುಚ್ಚಿದ್ದಳು. ಅಷ್ಟೆತ್ತರದ ಒಂದು ಕೂಸು ನಮ್ಮ ಅಂಗಳದಲ್ಲಿ ನಿಂತು ನಗುತ್ತಿರುವುದು ನನಗೂ ಕಂಡಿತು. ಅಳು ತಡೆಯಲಾಗಲಿಲ್ಲ.

ಆಮೇಲೆ ನನ್ನ ಸರದಿ. "ಚರಗಾ ಚೆಲ್ಲಿ ಬಂದ ಮರುದಿನ, ಎಳ್ಳಮಾಸಿ ಮುಗದ ಹೊತ್ತಿಗೆ ಹುಟ್ಟಿದಾಂವ" ಅಂದ. ಹೊಲಕ್ಕೆ ಹೋಗಿ ನೈವೇದ್ಯದ ಚರಗ ಚೆಲ್ಲುವ ಎಳ್ಳಮಾವಾಸ್ಯೆ ಬರುವುದು ಚಳಿಗಾಲದಲ್ಲಿ. ನನ್ನ ಸರ್ವಿಸ್ ಬುಕ್ಕಿನಲ್ಲಿರುವುದು ಜೂನ್ ಒಂದು. ಕೆಂಪು ಪೆನ್ನು ಜೇಬಿನಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ. ಕಡೆಗೆ ಅವನು ಪುಸ್ತಕ ಬಿಚ್ಚಿ, ಗಂಗವ್ವನಿಂದ ಎರಡು ಬೆರಳು ಕೆಳಗೆ, ಸುಜಾತಾ ಅಂತ ಬರೆದ.

ಆ ವರ್ಷದಿಂದ ನನ್ನ ತರಗತಿಯಲ್ಲಿ ನಗು ಕಡಿಮೆಯಾಯಿತು. ಇರುವೆಗಳು ಬರುತ್ತವೆ, ಆದರೆ ನಾನು ಮೇಜಿನ ಮೇಲೆ ಕೈ ಊರುವುದಿಲ್ಲ. ಗಣಿತದ ಮಾಸ್ತರರು, "ಯಾಕ್ರೀ, ಆರಾಮ ಇಲ್ಲೇನು?" ಅಂತ ಕೇಳುತ್ತಾರೆ.

ಜೂನ್ ತಿಂಗಳಲ್ಲಿ ಒಂದನೆಯ ಇಯತ್ತೆಗೆ ಮಕ್ಕಳ ಹೆಸರು ಹಚ್ಚಿಕೊಳ್ಳುವ ಕೆಲಸವೂ ನನ್ನದೇ. ತಂದೆಯಾದವನು ಹುಡುಗನನ್ನು ಮುಂದೆ ನಿಲ್ಲಿಸಿ, "ಹತ್ತಿ ಬಿಡಸೂ ಮುಂದ ಹುಟ್ಟ್ಯಾನ್ರಿ, ಕರೇ ಎತ್ತ ಸತ್ತ ವರ್ಷ" ಅನ್ನುತ್ತಾನೆ. ನಾನು ಗಂಭೀರವಾಗಿ ತಲೆದೂಗಿ, ಹುಡುಗನ ಎತ್ತರ ನೋಡಿ, ರಜಿಸ್ಟರಿನಲ್ಲಿ ಜೂನ್ ಒಂದು ಅಂತ ಬರೆಯುತ್ತೇನೆ. ಎಲ್ಲರಿಗೂ ಜೂನ್ ಒಂದು. ಇನ್ನೆರಡು ಸಾವಿರ ವರ್ಷ ಆದ ಮೇಲೆ ಯಾವನೋ ಇತಿಹಾಸದ ಮಾಸ್ತರ ಈ ರಜಿಸ್ಟರು ಅಗೆದು ತೆಗೆದು, ಗುಡಗೇರಿಯ ಹೆಂಗಸರೆಲ್ಲ ವರ್ಷಕ್ಕೆ ಒಂದೇ ದಿನ ಹೆರುತ್ತಿದ್ದರು ಅಂತ ಬರೆದವನೂ ಒಬ್ಬನಿದ್ದ ನೋಡ್ರೆಪಾ ಅಂತ ಮಕ್ಕಳನ್ನು ಬಿದ್ದು ಬಿದ್ದು ನಗಿಸುತ್ತಾನೆ. ನಗಿಸಲಿ. ಹಾಗೆ ಬರೆಯುವಾಗಲೆಲ್ಲ ನಾನು ಎಡಗೈಯನ್ನು ರಜಿಸ್ಟರಿನಿಂದ ಮೇಲೆತ್ತಿ ಹಿಡಿದಿದ್ದೆ ಅಂತ ಅವನಿಗೆ ಹೇಳಲು ಅಲ್ಲಿ ನಮ್ಮವ್ವ ಇರುವುದಿಲ್ಲವಲ್ಲ.