ದವಡೆ ಹಲ್ಲಿನ ರಜೆ

ಅಕ್ಕಿಕಾಳಿನಷ್ಟೂ ಇಲ್ಲದ ಒಂದು ಹಲ್ಲು ಎಂಟು ದಿನಗಳಿಂದ ಮನೆಮಂದಿಯ ನಿದ್ದೆ ನುಂಗಿಹಾಕಿತ್ತು. ಹಲ್ಲು ಗುಮಾಸ್ತನ ಒಂಬತ್ತು ತಿಂಗಳ ಮಗಳದು. ಹೊರಗೆ ಬರಲೊಲ್ಲದು, ಒಳಗೆ ಸುಮ್ಮನಿರಲೊಲ್ಲದು. ಮಗು ಅತ್ತಾಗಲೆಲ್ಲ ಹೆಂಡತಿ "ಏಳ್ತೀರಾ?" ಅನ್ನುತ್ತಿದ್ದಳು. ಗುಮಾಸ್ತ "ಹೂಂ" ಅನ್ನುತ್ತಿದ್ದ, ಏಳುತ್ತಿರಲಿಲ್ಲ. ನಿದ್ದೆಯಲ್ಲೇ ಹೂಂಗುಟ್ಟುವ ಈ ವಿದ್ಯೆ ಈಚೆಗೆ ಅವನಿಗೆ ಆಫೀಸಿನಲ್ಲೂ, ಕಣ್ಣು ಬಿಟ್ಟುಕೊಂಡೇ, ಕೈಹಿಡಿದಿತ್ತು.

ಒಂಬತ್ತನೆಯ ಬೆಳಿಗ್ಗೆ ಹೆಂಡತಿ ಅಪ್ಪಣೆ ಕೊಡಿಸಿದಳು. "ಹಲ್ಲಿನ ಡಾಕ್ಟ್ರು ಮೂರು ಗಂಟೆಗೆ ಬರೋಕೆ ಹೇಳಿದಾರೆ. ನನಗೆ ಸ್ಕೂಲಲ್ಲಿ ಪರೀಕ್ಷೆ, ಅತ್ತೆಗೆ ಮಂಡಿನೋವು. ನೀವೇ ಮಗೂನ ಕರ್ಕೊಂಡು ಹೋಗಿ. ಇವತ್ತೂ ನಿದ್ದೆ ಸಿಗಲಿಲ್ಲ ಅಂದ್ರೆ ನಾನು ತವರಿಗೆ ಹೊರಟೆ. ಮಗು ಇಲ್ಲೇ ಇರುತ್ತೆ."

ರಜೆ ಕೇಳುವುದು ಹೇಗೆ? ಹೋದ ತಿಂಗಳು ಟೈಪಿಸ್ಟಮ್ಮ ಮಗನ ಹಲ್ಲಿಗೆಂದು ಅರ್ಧ ದಿನ ಕೇಳಿದಾಗ ಸಾಹೇಬರು ಸೂರು ಹಾರುವಂತೆ ಕೂಗಿದ್ದರು. "ಹಲ್ಲು ಯಾರದ್ದೋ ಅವರಿಗೇ ರಜೆ!" ಹಾಗಾಗಿ ಗುಮಾಸ್ತ ಬಲಗೆನ್ನೆ ಹಿಡಿದುಕೊಂಡು ಅವರ ಮುಂದೆ ನಿಂತ. "ದವಡೆ ಹಲ್ಲು ಸಾರ್. ತಡ್ಕೊಳ್ಳೋಕಾಗ್ತಿಲ್ಲ." ರಜೆ ಸಿಕ್ಕಿತು.

ಜೊತೆಗೆ ಉಪಚಾರವೂ ಸಿಕ್ಕಿತು. ಟೈಪಿಸ್ಟಮ್ಮ ಲವಂಗ ತಂದು, ಅವನು ಕಚ್ಚುವವರೆಗೂ ಎದುರಿಗೇ ನಿಂತರು. ಜವಾನ "ನಮ್ ಭಾವನಿಗೂ ಹೀಗೇ ಶುರುವಾಗಿದ್ದು" ಎಂದು ಕುರ್ಚಿ ಎಳೆದುಕೊಂಡ. ಆ ಭಾವ ಎರಡು ವರ್ಷದಿಂದ ಬರೀ ಹಾಲು ಕುಡಿದುಕೊಂಡಿದ್ದಾನಂತೆ. ಕತೆ ಮುಗಿಸಿದವನು ಗುಮಾಸ್ತನನ್ನು ದಿಟ್ಟಿಸಿದ.

"ಅಲ್ಲಾ ಸಾರ್, ಬೆಳಿಗ್ಗೆ ಬಲಗೆನ್ನೆ ಹಿಡ್ಕೊಂಡಿದ್ರಿ. ಈಗ ಎಡಗೆನ್ನೆ?"

"ಅದೇ ನೋಡಪ್ಪ ತೊಂದರೆ. ಓಡಾಡ್ತಾ ಇದೆ."

ಮೂರಕ್ಕೆ ಐದು ನಿಮಿಷವಿರುವಾಗ ಗುಮಾಸ್ತ ಮಗುವನ್ನು ಎತ್ತಿಕೊಂಡು ದವಾಖಾನೆಯ ಬೆಂಚಿನಲ್ಲಿ ಕೂತಿದ್ದ. ಗೋಡೆಯ ಮೇಲೆ ಕೈಕಾಲು ಮೂಡಿದ ಹಲ್ಲೊಂದು ಬ್ರಷ್ ಹಿಡಿದು ನಗುತ್ತಿತ್ತು. ಅವನಿಗೆ ಅದನ್ನು ಕಂಡರೂ ಸಿಟ್ಟು ಬಂತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಮೊಮ್ಮಗಳ ಕೈ ಹಿಡಿದು ಸಾಹೇಬರು!

"ಏನ್ರೀ, ಇನ್ನೂ ಇಲ್ಲೇ ಕೂತಿದೀರಿ? ಮಗು ಯಾಕೆ?"

"ಮನೇಲಿ ನೋಡ್ಕೊಳ್ಳೋರು ಇಲ್ಲ ಸಾರ್. ನೋವು ನನಗೇ."

"ಕೊಡಿ ಇಲ್ಲಿ ಮಗೂನ. ಡಾಕ್ಟ್ರೇ, ಮೊದಲು ಇವರನ್ನ ನೋಡಿ, ಪಾಪ, ಬೆಳಿಗ್ಗೆಯಿಂದ ಒದ್ದಾಡ್ತಿದಾರೆ."

ಡಾಕ್ಟರಮ್ಮ ಅವನನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿ ಗುಂಡಿ ಒತ್ತಿದರು. ಕುರ್ಚಿ ಮೆಲ್ಲಗೆ ಹಿಂದಕ್ಕೆ ಬಾಗಿತು. ಎಂಟು ದಿನಗಳಲ್ಲಿ ಅವನ ಬೆನ್ನು ಕಂಡ ಮೊದಲ ಸುಖ ಅದು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎಲ್ಲೋ ದೂರದಿಂದ ಹೆಂಗಸಿನ ದನಿ ಕೇಳಿಸುತ್ತಿತ್ತು.

"ಇಲ್ಲೊಂದು ಹುಳುಕಾಗಿದೆ. ಇದೇನಾ?"

"ಹೂಂ."

"ಉಳಿಸೋಕಾಗಲ್ಲ. ತೆಗೆದುಬಿಡಲಾ?"

"ಹೂಂ."

ಸೂಜಿ ಚುಚ್ಚಿದಾಗ ಎಚ್ಚರವಾಯಿತು. ಬೇಡ ಎಂದು ಚೀರಬೇಕೆನ್ನುವಷ್ಟರಲ್ಲಿ, ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತ ಸಾಹೇಬರು ಕಂಡರು. ಬೇಡವೆಂದರೆ ಸುಳ್ಳು ಬಯಲಾಗುತ್ತದೆ. ಗುಮಾಸ್ತ ದೇವರ ಮೇಲೆ ಭಾರ ಹಾಕಿ ಬಾಯಿ ಇನ್ನಷ್ಟು ಅಗಲಿಸಿದ.

ಬಾಯಿ ತುಂಬ ಹತ್ತಿ ತುಂಬಿಕೊಂಡು ಹೊರಬಂದರೆ ಮಗಳು ಸಾಹೇಬರ ಹೆಗಲ ಮೇಲೆ ಗಾಢ ನಿದ್ದೆಯಲ್ಲಿದ್ದಳು.

"ನಿಮ್ಮ ಮಗಳು ನನ್ನ ಬೆರಳು ಕಚ್ಚಿದಳು ಕಣ್ರೀ!" ಸಾಹೇಬರು ಖುಷಿಯಲ್ಲಿದ್ದರು. "ಹಲ್ಲು ಹೊರಗೆ ಬಂದೇ ಬಿಡ್ತು. ನಿಮ್ಮ ಇಂಜೆಕ್ಷನ್ ಹಿಡಿಯೋವರೆಗೆ ಡಾಕ್ಟ್ರೂ ಬಂದು ನೋಡಿದರು. ಒದ್ದೆ ಬಟ್ಟೇಲಿ ದಿನಾ ಒರೆಸಿದ್ರೆ ಸಾಕಂತೆ."

ಗುಮಾಸ್ತನಿಗೆ ಅಳು ಬಂತು. ಇನ್ನು ಮಗು ಮಲಗುತ್ತದೆ, ಹೆಂಡತಿಯೂ ಮಲಗುತ್ತಾಳೆ. ಇಂಜೆಕ್ಷನ್ನಿನ ಜೋಮು ಇಳಿದ ಮೇಲೆ ಎಚ್ಚರವಿರುವವನು ತಾನೊಬ್ಬನೇ.

"ಮಗು ಹಲ್ಲಿಗೆ ಅಂತ ಕೇಳಿದ್ರೆ ಮೂರು ದಿನ ರಜೆ ಕೊಡ್ತಿದ್ದೆನಲ್ರೀ," ಸಾಹೇಬರು ಮಗುವನ್ನು ದಾಟಿಸುತ್ತ ಅಂದರು. "ಮೇಲಿನಿಂದ ಹೊಸ ಆದೇಶ ಬಂದಿದೆ. ನೋಟಿಸ್ ಬೋರ್ಡಿಗೆ ಹಾಕಿ ಅಂತ ಹೋದ ವಾರ ನಿಮ್ಮ ಕೈಗೇ ಕೊಟ್ಟೆ. ಓದಿದ್ರಾ ಅಂದೆ, ಹೂಂ ಅಂದ್ರಿ. ಹಾಕ್ತೀರಾ ಅಂದೆ, ಅದಕ್ಕೂ ಹೂಂ ಅಂದ್ರಿ! ಹೋಗಲಿ ಬಿಡಿ. ಸ್ವಂತ ಹಲ್ಲಿಗೆ ಅರ್ಧ ದಿನ ಅಷ್ಟೇ. ನಾಳೆ ಬೇಗ ಬಂದು ಮೊದಲು ಅದನ್ನ ಬೋರ್ಡಿಗೆ ಹಾಕಿ. ತಿಳೀತಾ?"

ಹತ್ತಿ ತುಂಬಿದ ಬಾಯಲ್ಲಿ ಹೊರಡುತ್ತಿದ್ದದ್ದು ಒಂದೇ ಮಾತು.

"ಹೂಂ."