ಪೀಚ್ ಮೊಗ್ಗಿನ ನಿದ್ದೆ ಮತ್ತು ಆಂಟಿಯ ಫ್ರಿಜ್

ಮರ ಮಲಗಿರುವುದನ್ನು ನೋಡಿಕೊಂಡಿರಲು ಫೆಲೋಶಿಪ್ ಕೊಟ್ಟರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಾನು ಬಾಡಿಗೆಗಿದ್ದ ಲಕ್ಷ್ಮೀ ನಗರವನ್ನು ಮೆಟ್ರೊ ಇನ್ನೂ ಮುಟ್ಟಿರದ ಕಾಲ. ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನ ಪಿಎಚ್‌ಡಿ ವಿಷಯ ಪೀಚ್ ಮರದ ಚಳಿಗಾಲದ ನಿದ್ದೆ. ಎಲೆ ಉದುರಿದ ಮೇಲೆ ಮೊಗ್ಗನ್ನು ಕೆಲವು ಜೀನ್‌ಗಳು ಮಲಗಿಸಿಡುತ್ತವೆ. ಸಾಕಷ್ಟು ಚಳಿ ಸಿಕ್ಕಿದ ಮೇಲೆ ಅವು ಸುಮ್ಮನಾಗುತ್ತವೆ, ಮೊಗ್ಗು ಏಳುತ್ತದೆ. ಇದನ್ನು ತೋರಿಸಲು ನನಗೆ ಉಳಿದಿದ್ದು ಒಂದೇ ಚಳಿಗಾಲ. ಮೊಗ್ಗು ಏಳದಿದ್ದರೆ ಮಾರ್ಚ್‌ನಲ್ಲಿ ನಾನು ಗಂಟುಮೂಟೆ ಕಟ್ಟಬೇಕಿತ್ತು.

ಮಾಲಿ

ಡಿಸೆಂಬರಿನಲ್ಲಿ ಸಂಸ್ಥೆಯ ಮಾಲಿ ಗುದ್ದಲಿ ಹಿಡಿದು ನನ್ನ ಮರದ ಬುಡದಲ್ಲಿ ನಿಂತಿದ್ದ.

“ಒಣಗಿಹೋಗಿದೆ ಸಾಬ್, ಕಿತ್ತುಬಿಡ್ತೀನಿ.”

“ಒಣಗಿಲ್ಲ ಭಯ್ಯಾ, ಮಲಗಿದೆ.”

“ಸತ್ತಿಲ್ಲ ಅಂತ ಹೇಗೆ ಗೊತ್ತು?”

“ಅದನ್ನೇ ಮೂರು ವರ್ಷದಿಂದ ಓದ್ತಿದ್ದೀನಿ.”

ಅವನು ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದ. ಒಳಗೆ ಹಸಿರು ಕಂಡಿತು. “ಅಚ್ಛಾ, ಬದುಕಿದೆ,” ಎಂದು ಹೊರಟುಹೋದ.

ನನ್ನ ಪ್ರಬಂಧದ ಮೊದಲ ಅಧ್ಯಾಯದ ಸಾರಾಂಶವೂ ಅಷ್ಟೇ ಇತ್ತು.

ಕಾವಲುಗಾರ

ಜನವರಿಯ ಒಂದು ಬೆಳಿಗ್ಗೆ ನೋಡಿದರೆ ಮರಕ್ಕೆ ಗೋಣಿಚೀಲ ಸುತ್ತಿತ್ತು, ಬುಡದಲ್ಲಿ ಕೆಂಡದ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಪಕ್ಕದಲ್ಲಿ ಕಾವಲುಗಾರ ಕೈ ಕಾಯಿಸುತ್ತ ಕೂತಿದ್ದ.

“ಎಲೆಯೂ ಇಲ್ಲದೆ ನಿಂತಿತ್ತು ಸಾಬ್. ನೋಡೋಕಾಗಲಿಲ್ಲ.”

“ಅದಕ್ಕೆ ಚಳಿ ಬೇಕು. ಚೀಲ ತೆಗೆದುಬಿಡು.”

ಅವನು ನನ್ನ ಎರಡು ಸ್ವೆಟರ್, ಮಫ್ಲರ್, ಮಂಕಿಕ್ಯಾಪ್ ನೋಡಿದ. “ಮೊದಲು ನೀವು ತೆಗೀರಿ. ಆಮೇಲೆ ಮರದ್ದು ತೆಗೀತೀನಿ.”

ಫ್ರಿಜ್

ಬೆಂಕಿ ಕಾಯಿಸಿಕೊಂಡ ಮರ ಪ್ರಯೋಗಕ್ಕೆ ಬರುವುದಿಲ್ಲ. ಉಳಿದದ್ದು, ಮೊದಲೇ ಕತ್ತರಿಸಿ ಲ್ಯಾಬಿನ ಶೀತಲ ಪೆಟ್ಟಿಗೆಯಲ್ಲಿಟ್ಟಿದ್ದ ಒಂದು ಕಟ್ಟು ಕೊಂಬೆ. ಅದೇ ವಾರ ಪೆಟ್ಟಿಗೆ ಕೆಟ್ಟಿತು. ರಿಪೇರಿಯ ಫೈಲ್ ಹೊರಟಿತು. ಅದು ವಾಪಸ್ಸು ಬರುವಷ್ಟರಲ್ಲಿ ಬೇಸಿಗೆ ಬರುವುದು ಖಚಿತವಿತ್ತು. ಕಟ್ಟನ್ನು ಬಸ್ಸಿನಲ್ಲಿ ಲಕ್ಷ್ಮೀ ನಗರಕ್ಕೆ ಒಯ್ದು ಮನೆ ಮಾಲೀಕರಾದ ಆಂಟಿಯ ಫ್ರಿಜ್‌ನಲ್ಲಿ, ಮೆಂತ್ಯದ ಸೊಪ್ಪಿನ ಪಕ್ಕ ಇಟ್ಟೆ. ದಿನಾ ಥರ್ಮಾಮೀಟರ್ ನೋಡಿ ಬರೆದುಕೊಳ್ಳುತ್ತಿದ್ದೆ. ಹುಡುಗ ಫ್ರಿಜ್‌ಗೆ ಜ್ವರ ನೋಡುತ್ತಾನೆ ಎಂದು ಆಂಟಿ ಗಲ್ಲಿಗೆಲ್ಲ ಹೇಳಿದ್ದರು.

ತಂಗಿಯ ಮದುವೆಗೆ ಹತ್ತು ದಿನ ಊರಿಗೆ ಹೋಗಿ ಬಂದೆ. ಫ್ರಿಜ್ ಬಾಗಿಲು ತೆರೆದುಕೊಂಡು ಒಣಗುತ್ತಿತ್ತು.

“ಇಂಥ ಚಳೀಲಿ ಯಾರು ಬೇಟಾ ಫ್ರಿಜ್ ಓಡಿಸ್ತಾರೆ? ನೀನು ಹೋದ ದಿನವೇ ಆಫ್ ಮಾಡಿದೆ. ಪ್ರತಿ ವರ್ಷ ಅದಕ್ಕೂ ರಜೆ.”

ನಾನು ಫ್ರಿಜ್‌ನೊಳಗೆ ಇಣುಕಿದೆ. “ಕೊಂಬೆ?”

“ಬಾಲ್ಕನೀಲಿ. ಗಜ್ಜರಿ, ಮೂಲಂಗಿ ಜೊತೆ.”

ಬಾಲ್ಕನಿ

ಬಿಸಿಲು ಬೀಳದ ಬಾಲ್ಕನಿ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಕೊಂಬೆ, ಪಕ್ಕದಲ್ಲಿ ನನ್ನ ಥರ್ಮಾಮೀಟರ್. ಜ್ವರ ನೋಡುವ ನನ್ನ ಕೆಲಸವನ್ನೂ ಆಂಟಿ ನಿಲ್ಲಗೊಟ್ಟಿರಲಿಲ್ಲ. ಬೆಳಿಗ್ಗೆ ಸಂಜೆ ನೋಡಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿದ್ದರು. ಹೊರಗಿನ ಮಂಜಿನ ಚಳಿ ನನ್ನ ಶೀತಲ ಪೆಟ್ಟಿಗೆಗಿಂತ ಏನೂ ಕಡಿಮೆಯಿರಲಿಲ್ಲ.

ಕೊಂಬೆಗಳನ್ನು ಲ್ಯಾಬಿನ ಬೆಚ್ಚಗಿನ ಕೋಣೆಯಲ್ಲಿ ನೀರಿಗೆ ಹಾಕಿದೆ. ಒಂದು ವಾರ ಏನೂ ಇಲ್ಲ. ಎರಡನೆಯ ವಾರ ಒಂದು ತುದಿ ಗುಲಾಬಿಯಾಯಿತು, ಆಮೇಲೆ ಸಾಲಾಗಿ ಎಲ್ಲವೂ. ಪರೀಕ್ಷಿಸಿದರೆ, ಮಲಗಿಸುವ ಜೀನ್‌ಗಳು ತೆಪ್ಪಗಾಗಿದ್ದವು. ಗೈಡ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, “ಇದ್ದದ್ದು ಇದ್ದ ಹಾಗೆ ಬರಿ. ಕ್ಯಾಲೆಂಡರ್ ಪುಟವನ್ನು ಅನುಬಂಧಕ್ಕೆ ಸೇರಿಸು,” ಎಂದರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲವನ್ನೂ ಮೆಚ್ಚಿ, ಕೊನೆಗೆ ಅನುಬಂಧ ತೆರೆದರು.

“ಮಂಗಳವಾರ ಏಳು ಡಿಗ್ರಿ, ಹಾಲಿನವನು ಬರಲಿಲ್ಲ. ಗುರುವಾರ ಆರು ಡಿಗ್ರಿ, ಹಾಲಿನವನು ಬರಲಿಲ್ಲ. ಹಾಲಿಗೂ ಮೊಗ್ಗಿನ ನಿದ್ದೆಗೂ ಏನು ಸಂಬಂಧ?”

ನಾನು ಗೈಡ್ ಮುಖ ನೋಡಿದೆ. ಮುಖದಲ್ಲಿ ಒಂದು ಗೆರೆಯೂ ಅಲುಗದೆ ಅವರೇ ಉತ್ತರಿಸಿದರು:

“ಅದಕ್ಕೆ ಇನ್ನೊಬ್ಬ ವಿದ್ಯಾರ್ಥಿ ಬೇಕು ಸರ್.”